ಆರರವರೆಗೆ ಏರಿ ಇಳಿಯುವ ಹಾರ

12345654321 ಎಂದು ಹಾಳೆಯ ಮೇಲೆ ಬರೆದರೆ ಕಣ್ಣು ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ. ಅದನ್ನೇ ‘ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು’ ಎಂದು ಬಾಯಲ್ಲಿ ಓದಿ ನೋಡಿ, ಸೊಗಸು ಎತ್ತ ಹೋಯಿತೆಂದೇ ತಿಳಿಯುವುದಿಲ್ಲ. ಕೋಟಿ ಲಕ್ಷಗಳ ಗದ್ದಲದಲ್ಲಿ ಅಂಕಿಗಳ ಸಾಲು ಮುಳುಗಿಹೋಗುತ್ತದೆ. ಸಂಖ್ಯೆಗಳಲ್ಲಿ ಕಿವಿಗೆ ಒಲಿಯುವುವು ಕೆಲವು, ಕಣ್ಣಿಗೆ ಮಾತ್ರ ಒಲಿಯುವುವು ಕೆಲವು. ಇದು ಎರಡನೆಯ ಜಾತಿಯದು. ‘ವಿಕಟಕವಿ’ಯನ್ನು ಹಿಂದುಮುಂದಾಗಿ ಓದಿ ಕೇಕೆ ಹಾಕಿದ ಮಕ್ಕಳಿಗೆ ಇದರ ಮೊದಲ ಗುಣವನ್ನು ವಿವರಿಸಬೇಕಾಗಿಲ್ಲ. ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ. ಅಲಂಕಾರಶಾಸ್ತ್ರದವರು ಇಂಥ ಪದ್ಯವನ್ನು ಗತಪ್ರತ್ಯಾಗತ ಎನ್ನುತ್ತಾರೆ.

ಈ ಸಂಖ್ಯೆಯನ್ನು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಮೆಚ್ಚಿ, ಪುಸ್ತಕದಲ್ಲಿ ಕೂರಿಸಿದವನು ನಮ್ಮ ನಾಡಿನ ಗಣಿತಜ್ಞ ಮಹಾವೀರಾಚಾರ್ಯ. ಕ್ರಿ.ಶ. 850ರ ಸುಮಾರಿನ ‘ಗಣಿತಸಾರಸಂಗ್ರಹ’ ಅವನ ಕೃತಿ. ಭಾಷೆ ಸಂಸ್ಕೃತ, ಕಾಲ ರಾಷ್ಟ್ರಕೂಟರ ನೃಪತುಂಗ ಅಮೋಘವರ್ಷನದು. ಅಮೋಘವರ್ಷ 814ರಿಂದ 878ರವರೆಗೆ ಮಾನ್ಯಖೇಟದಿಂದ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ. ಕನ್ನಡಕ್ಕೆ ಕವಿರಾಜಮಾರ್ಗ ಸಿಕ್ಕಿದ್ದೂ ಇವನ ಕಾಲದಲ್ಲೇ. ನಾವು ಕನ್ನಡಿಗರು ಆ ಒಂದನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿ, ಇನ್ನೊಂದರ ಹೆಸರನ್ನು ಸ್ಪರ್ಧಾತ್ಮಕ ಪರೀಕ್ಷೆಯ ಗೈಡಿಗೆ ಬಿಟ್ಟುಬಿಟ್ಟಿದ್ದೇವೆ. ಆ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ, ಇರಲಿ.

ನಮ್ಮ ಹೆಗ್ಗರಣೆ ಸೀಮೆಗೂ ಆ ಕಾಲಕ್ಕೂ ನಂಟು ದೂರದ್ದೇನಲ್ಲ. ಆಗ ಈ ಕಡೆಯ ನಾಡಿಗೆ ‘ಬನವಾಸಿ ಹನ್ನೆರಡು ಸಾವಿರ’ ಎಂದು ಹೆಸರು. ಅಮೋಘವರ್ಷನ ನೆಚ್ಚಿನ ದಂಡನಾಯಕ ಬಂಕೆಯ ಅದನ್ನು ನೋಡಿಕೊಳ್ಳುತ್ತಿದ್ದ. ನಾಡಿನ ಹೆಸರಿಗೇ ಸಂಖ್ಯೆ ಅಂಟಿಸಿಕೊಂಡು ಓಡಾಡಿದ ಜನ ಅವರು. ಈಗ ನಾವು ಕ್ವಿಂಟಲ್ ಅಡಕೆಗೆ ಚಾಲಿ ಎಷ್ಟು, ರಾಶಿ ಎಷ್ಟು ಎಂಬಲ್ಲಿಗೆ ಸಂಖ್ಯೆಯ ಸಹವಾಸ ಮುಗಿಸುತ್ತೇವೆ. ಆದರೆ ನಿಧಾನವಾಗಿ ಸವಿಯುವುದು ಇಲ್ಲಿನವರಿಗೆ ಹೊಸದಲ್ಲ. ಎರಡು ಸಾಲಿನ ಪದ್ಯ ಹೇಳಿ ಭಾಗವತರು ಸುಮ್ಮನಾದ ಮೇಲೆ, ಅದೇ ಎರಡು ಸಾಲನ್ನು ಅರ್ಧಗಂಟೆ ಬಿಡಿಸುವ ಅರ್ಥಧಾರಿಯ ಎದುರು ನಿದ್ದೆಗೆಟ್ಟು ಕೂರುವ ಸೀಮೆ ಇದು. ತಾಳಮದ್ದಲೆಯ ಪದ್ಯಕ್ಕೆ ಕೊಡುವಷ್ಟು ಹೊತ್ತನ್ನು ಈ ಹನ್ನೊಂದು ಅಂಕಿಗಳಿಗೂ ಕೊಡಬಹುದು ಎಂಬುದಷ್ಟೇ ನನ್ನ ವಾದ.

ಮಹಾವೀರ ಇದನ್ನು ಬರಿದೇ ತಂದು ತೋರಿಸುವುದಿಲ್ಲ, ಲೆಕ್ಕವೊಂದರ ಉತ್ತರವಾಗಿ ಬರಿಸುತ್ತಾನೆ. ಅವನ ಗ್ರಂಥದಲ್ಲಿ ಕೂಡುವುದು ಕಳೆಯುವುದರಿಂದ ಪಾಠ ಶುರುವಾಗುವುದಿಲ್ಲ; ಅಷ್ಟು ಗೊತ್ತಿದ್ದವನೇ ಬರಲಿ ಎಂಬ ಠೀವಿ. ಮೊದಲ ಪರಿಕರ್ಮವೇ ಪ್ರತ್ಯುತ್ಪನ್ನ, ಅಂದರೆ ಗುಣಾಕಾರ. ಅದರ ಉದಾಹರಣೆಗಳ ನಡುವೆ ಕೆಲವು ವಿಚಿತ್ರ ಲೆಕ್ಕಗಳಿವೆ. 139ನ್ನು 109ರಿಂದ ಗುಣಿಸು: 15151. 152207ನ್ನು 73ರಿಂದ ಗುಣಿಸು: 11111111. 12345679ನ್ನು 9ರಿಂದ ಗುಣಿಸು: 111111111. ಇಂಥ ಉತ್ತರಗಳನ್ನು ಅವನು ಕೊರಳ ಹಾರವೆಂದು, ಅರಸರು ಧರಿಸುವ ಕಂಠಿಕೆಯೆಂದು ಕರೆದಿದ್ದಾನೆ. ಆ ಸಾಲಿನಲ್ಲೇ 27994681ನ್ನು 441ರಿಂದ ಗುಣಿಸುವ ಲೆಕ್ಕ. ಉತ್ತರ ನಮ್ಮ ಸಂಖ್ಯೆ. ಒಂದರಿಂದ ಹೊರಟು ಆರರವರೆಗೆ ಹೋಗಿ ಕ್ರಮವಾಗಿ ಇಳಿಯುವುದು ಎಂಬುದು ಅದಕ್ಕೆ ಅವನು ಕೊಡುವ ವರ್ಣನೆ.

ಸ್ಥಾನಗಳ ಹೆಸರು ಹೇಳುವಾಗ ಮಹಾವೀರ ಏಕದಿಂದ ಶುರುಮಾಡಿ ಇಪ್ಪತ್ನಾಲ್ಕನೆಯದಾದ ಮಹಾಕ್ಷೋಭದವರೆಗೆ ಹೋಗುತ್ತಾನೆ. ಅವನ ಪಟ್ಟಿಯಲ್ಲಿ ಹನ್ನೊಂದನೆಯ ಸ್ಥಾನ ಅರ್ಬುದ. ನಮ್ಮ ಸಂಖ್ಯೆಯ ಎಡತುದಿಯ ಒಂದು ಕೂತಿರುವುದು ಆ ಅರ್ಬುದದ ಮನೆಯಲ್ಲಿ.

ಅಡಕೆ ಸುಲಿಯುವ ದಿನಗಳಲ್ಲಿ ಅಕ್ಕನ ಮಗನಿಗೆ ಈ ಲೆಕ್ಕ ಕೊಟ್ಟಿದ್ದೆ. ಎಂಟನೇ ತರಗತಿಯ ಹುಡುಗ. ಕೈ ಮೊದಲು ಹೋದದ್ದು ಮೊಬೈಲಿಗೆ. ಅದನ್ನು ಆಚೆ ಇಡಿಸಿ ಪೆನ್ಸಿಲ್ ಕೊಟ್ಟೆ. ಅವನು ಲೆಕ್ಕವನ್ನು ಒಂದು ಗಳಿಗೆ ದಿಟ್ಟಿಸಿದ.

“ನಾಲ್ಕರಿಂದ ಒಂದ್ಸಲ ಗುಣಿಸಿರೆ ಆತಲ ಮಾವಾ, ಅದನ್ನೇ ಒಂದು ಮನೆ ಸರಿಸಿ ಮತ್ತೊಂದ್ಸಲ ಬರದ್ರಾತು.”

“ಹೌದೋ, ಬರಿ ನೋಡನ.”

ಸರಿಯಾಗಿಯೇ ಹಿಡಿದಿದ್ದ. 441ರಲ್ಲಿ ಎರಡು ನಾಲ್ಕು, ಒಂದು ಒಂದು. 27994681ರ ನಾಲ್ಕು ಪಟ್ಟು 111978724. ಹಾಗಾಗಿ ಮೂರು ಸಾಲುಗಳು: ಮೊದಲು 27994681, ಅದರ ಕೆಳಗೆ 1119787240, ಅದರ ಕೆಳಗೆ 11197872400. ಮೂರನ್ನೂ ಎಷ್ಟು ಹೊತ್ತು ನೋಡಿದರೂ ಅಲ್ಲಿ ಹಾರದ ಸುಳಿವಿಲ್ಲ. ಏಳು, ಒಂಬತ್ತು, ಎಂಟುಗಳು ಒಂದರ ಮೇಲೊಂದು ಅಡ್ಡಾದಿಡ್ಡಿಯಾಗಿ ಬಿದ್ದಿವೆ. ಈಗ ಬಲಗಡೆಯಿಂದ ಕೂಡುತ್ತ ಬನ್ನಿ, ದಶಕವನ್ನು ಮುಂದಿನ ಮನೆಗೆ ಸೇರಿಸುತ್ತ. ಮೊದಲ ಕಂಬದ ಮೊತ್ತ 1. ಎರಡನೆಯದು 12, ಮೂರನೆಯದು 13, ನಾಲ್ಕನೆಯದು 14. ಐದಕ್ಕೆ ಬಂದರೆ 25, ಆಮೇಲೆ 26, ತಿರುಗಿ 25, ಮತ್ತೆ 14, ಕೊನೆಗೆ 3, 2, 1. ದಶಕವನ್ನು ಸಾಗಿಸಿ ಬಿಡಿಯನ್ನು ಕೆಳಗಿಡುತ್ತ ಹೋದಂತೆ 1, 2, 3, 4, 5, 6 ಎಂದು ಹಾರ ಕಟ್ಟಿಕೊಳ್ಳುತ್ತದೆ. ಹುಡುಗ ಆರು ಬರೆದ ಮೇಲೆ ಏಳು ಬರುತ್ತದೆಂದು ಕಾದ. ಐದು ಬಂತು. ತಪ್ಪಾಯಿತೇನೋ ಎಂದು ಮತ್ತೊಮ್ಮೆ ಕೂಡಿದ. ಆಗಲೂ ಐದೇ. ನಾಲ್ಕು ಬಂದಾಗ ತಲೆ ಎತ್ತಿ ನನ್ನ ಮುಖ ನೋಡಿದ. ಮಹಾವೀರ ಬಯಸಿದ್ದು ಆ ನೋಟವನ್ನೇ ಎಂದು ನನ್ನ ನಂಬಿಕೆ. ಕ್ಯಾಲ್ಕುಲೇಟರಿನಲ್ಲಿ ಉತ್ತರ ಒಮ್ಮೆಲೇ ಬಂದು ಬೀಳುತ್ತದೆ, ಆರರ ಮೇಲೆ ಐದು ಬರುವ ಸೋಜಿಗ ಅಲ್ಲಿ ಸಿಗುವುದಿಲ್ಲ.

ಸೋಜಿಗ ಆಯಿತು, ಸರಿ. ಇದು ಹೀಗೇಕೆ ಎಂದು ಕೇಳಿದ ಮೇಲೆ ರುಚಿ ಶುರುವಾಗುತ್ತದೆ.

441 ಎಂದರೆ 21ರ ವರ್ಗ. 27994681 ಕೂಡ ವರ್ಗವೇ, 5291ರದು. ಎರಡು ವರ್ಗಗಳ ಗುಣಲಬ್ಧ ವರ್ಗವಾಗಲೇಬೇಕು. 21ನ್ನು 5291ರಿಂದ ಗುಣಿಸಿದರೆ 111111. ಅಲ್ಲಿಗೆ ಗುಟ್ಟು ಬಿಚ್ಚಿತು: ನಮ್ಮ ಹಾರವೆಂದರೆ ಆರು ಒಂದುಗಳ ವರ್ಗ. 111111ನ್ನು ಅದರಿಂದಲೇ ಗುಣಿಸುವಾಗ ಅದೇ ಸಾಲನ್ನು ಆರು ಸಲ ಒಂದೊಂದು ಮನೆ ಸರಿಸಿ ಬರೆಯುತ್ತೇವೆ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಪಕ್ಕದ್ದರಲ್ಲಿ ಎರಡು, ನಡುಗಂಬದಲ್ಲಿ ಆರು, ಅಲ್ಲಿಂದಾಚೆ ಒಂದೊಂದೇ ಕಡಿಮೆ. ಎಲ್ಲೂ ದಶಕ ಹುಟ್ಟುವುದಿಲ್ಲ. ಆದ್ದರಿಂದಲೇ ಈ ಹಾರ ಹತ್ತರ ಪದ್ಧತಿಗೆ ಅಂಟಿಕೊಂಡದ್ದಲ್ಲ. ಅಂಕಿ ಮನೆಗಳ ಚಮತ್ಕಾರವೆಲ್ಲ ಮನುಷ್ಯನಿಗೆ ಹತ್ತು ಬೆರಳಿರುವುದರ ಫಲ ಎಂದು ಮೂಗು ಮುರಿಯುವವರಿದ್ದಾರೆ. ಬಹಳ ಸಲ ಅವರು ಹೇಳುವುದು ಖರೆ. ಈ ಒಂದರ ಮಟ್ಟಿಗೆ ಅಲ್ಲ. ಏಳರ ಪದ್ಧತಿಯಲ್ಲಿ ಬರೆಯಿರಿ, ಕಂಪ್ಯೂಟರಿನವರ ಹದಿನಾರರ ಪದ್ಧತಿಯಲ್ಲಿ ಬರೆಯಿರಿ, ಆರು ಒಂದುಗಳ ವರ್ಗ ಎಲ್ಲ ಕಡೆಯೂ 12345654321 ಎಂದೇ ಕಾಣುತ್ತದೆ.

ಹತ್ತರ ಪದ್ಧತಿಯಲ್ಲಿ ಒಂಬತ್ತು ಒಂದುಗಳವರೆಗೆ ಹೀಗೆ ಹೋಗಬಹುದು. ಅದರ ವರ್ಗ 12345678987654321. ಹತ್ತನೆಯ ಒಂದು ಸೇರಿದರೆ ದಶಕ ನುಗ್ಗಿ 1234567900987654321 ಆಗುತ್ತದೆ, ಹಾರದ ಎಳೆ ಹರಿಯುತ್ತದೆ. ಒಂಬತ್ತಕ್ಕೆ ಹೋಗಲು ದಾರಿಯಿದ್ದೂ ಮಹಾವೀರ ಈ ಲೆಕ್ಕಕ್ಕೆ ಆರನ್ನೇ ಏಕೆ ಆರಿಸಿಕೊಂಡ? ಒಡೆದು ನೋಡಿದರೆ ಕಾರಣ ಕಾಣುತ್ತದೆ. ಐದು ಒಂದುಗಳು 41 ಮತ್ತು 271ರ ಗುಣಲಬ್ಧ, ಏಳು ಒಂದುಗಳು 239 ಮತ್ತು 4649ರದು; ಎರಡೂ ಬಡ ಸಂಖ್ಯೆಗಳು, ಎರಡೇ ತುಂಡಿಗೆ ಮುಗಿಯುತ್ತವೆ. ಆರು ಒಂದುಗಳಾದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಒಟ್ಟಿಗೆ ಸೇರಿವೆ, ಐದೂ ಸಣ್ಣವು. ಎಲ್ಲಿ ಬೇಕಾದರೂ ತುಂಡರಿಸಬಹುದು.

ಎಷ್ಟು ರೀತಿಯಲ್ಲಿ ತುಂಡರಿಸಬಹುದು ಎಂಬುದೂ ಲೆಕ್ಕಕ್ಕೆ ಸಿಗುತ್ತದೆ. ಹಾರದಲ್ಲಿ ಐದು ಅವಿಭಾಜ್ಯಗಳೂ ಎರಡೆರಡು ಸಲ ಇವೆ. ಭಾಜಕವೊಂದನ್ನು ಕಟ್ಟುವಾಗ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಮೂರು ದಾರಿಗಳು ಐದು ಸಲ: ಒಟ್ಟು 243 ಭಾಜಕಗಳು. ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆಯುವ ರೀತಿಗಳು 122. ಅವುಗಳಲ್ಲಿ ಎರಡೂ ಸಂಖ್ಯೆಗಳು ವರ್ಗವಾಗಿರುವುವು 16. ಈ ಹದಿನಾರರಲ್ಲಿ ಕೆಲವನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 121 ಗುಣಿಸು 102030201. 12321 ಗುಣಿಸು 1002001. ಎಷ್ಟು ಚೆಂದದ ಜೋಡಿಗಳು! ಗುಣ್ಯವೂ ಗತಪ್ರತ್ಯಾಗತ, ಗುಣಕವೂ ಗತಪ್ರತ್ಯಾಗತ, ಉತ್ತರವೂ ಅದೇ. ನಾನಾಗಿದ್ದರೆ ಇವುಗಳಲ್ಲೊಂದನ್ನು ಎತ್ತಿಕೊಂಡು ಬೀಗುತ್ತಿದ್ದೆ. ಮಹಾವೀರ ಬಿಟ್ಟುಬಿಟ್ಟ. ಇವುಗಳಲ್ಲಿ ಬರಲಿರುವ ಚೆಲುವು ಪ್ರಶ್ನೆಯಲ್ಲೇ ಇಣುಕುತ್ತದೆ, ಕೇಳುವವನು ಮೊದಲೇ ಎಚ್ಚರಗೊಳ್ಳುತ್ತಾನೆ. 27994681ರಲ್ಲಿ ಹಾಗೇನೂ ಇಲ್ಲ. ಯಾರ ಮನೆಯ ಯಾವ ಹಳೇ ಲೆಕ್ಕವೋ ಎನ್ನುವಂತಿದೆ. ಅಂಥ ಒರಟು ಸಂಖ್ಯೆಯೊಳಗೆ ಹಾರವನ್ನು ಅಡಗಿಸಿ, ಬಿಚ್ಚುವ ಕೆಲಸವನ್ನು ಓದುಗನ ಕೈಗೆ ಕೊಟ್ಟದ್ದರಲ್ಲಿ ಅವನ ರಸಜ್ಞತೆ ಇದೆ. ಗಣಿತ ಬಲ್ಲವರು ಹದಿನಾರೂ ಜೋಡಿಗಳನ್ನು ಹುಡುಕಬಹುದು. ಯಾವುದನ್ನು ಸಭೆಯ ಮುಂದಿಡಬೇಕೆಂದು ತಿಳಿಯುವುದು ಬೇರೆಯೇ ವಿದ್ಯೆ.

441ರಲ್ಲಿ ಇನ್ನೂ ಒಂದು ಇದೆ. ಅದು 21ರ ವರ್ಗ. 21 ಎಂದರೆ ಒಂದರಿಂದ ಆರರವರೆಗಿನ ಸಂಖ್ಯೆಗಳ ಮೊತ್ತ. ಹೀಗಾಗಿ 441 ಒಂದರಿಂದ ಆರರವರೆಗಿನ ಘನಗಳ ಮೊತ್ತವೂ ಹೌದು: 1, 8, 27, 64, 125, 216 ಕೂಡಿ ನೋಡಿ. ಆರರವರೆಗೆ ಏರುವ ಹಾರಕ್ಕೆ ಆರರವರೆಗಿನ ಘನಗಳೇ ಗುಣಕ. ಕಾಕತಾಳೀಯ ಎಂದರೂ ನನ್ನ ತಕರಾರಿಲ್ಲ. ಹಾರದ ಹನ್ನೊಂದು ಅಂಕಿಗಳನ್ನು ಕೂಡಿದರೆ 36, ಆರರ ವರ್ಗ. ಇದು ಮಾತ್ರ ಕಾಕತಾಳೀಯವಲ್ಲ, ಆರು ಒಂದುಗಳನ್ನು ಆರು ಸಾಲು ಬರೆದಾಗ ಹಾಳೆಯ ಮೇಲೆ ಇದ್ದದ್ದೇ 36 ಒಂದುಗಳು.

ಸಂಖ್ಯೆಗಳಿಗೆ ಜಾತಿ ಹಚ್ಚುವ ಹಳೆಯ ಪದ್ಧತಿಯೊಂದಿದೆ. ಕ್ರಿ.ಶ. 100ರ ಆಸುಪಾಸಿನ ನಿಕೋಮಾಕಸ್ ಎಂಬ ಗ್ರೀಕ್ ವಿದ್ವಾಂಸನ ಪುಸ್ತಕದಲ್ಲಿ ಅದು ಬರುತ್ತದೆ. ಒಂದು ಸಂಖ್ಯೆಯ ಭಾಜಕಗಳನ್ನೆಲ್ಲ, ಅದೊಂದನ್ನು ಬಿಟ್ಟು, ಕೂಡಬೇಕು. ಮೊತ್ತ ಸಂಖ್ಯೆಗೆ ಸಮನಾದರೆ ಪರಿಪೂರ್ಣ, ಕಡಿಮೆಯಾದರೆ ನ್ಯೂನ, ಹೆಚ್ಚಾದರೆ ಸಮೃದ್ಧ. 6 ಪರಿಪೂರ್ಣ: 1, 2, 3 ಕೂಡಿದರೆ 6. 8 ನ್ಯೂನ, 12 ಸಮೃದ್ಧ. ಬೆಸ ಸಂಖ್ಯೆಗಳು ಸಾಮಾನ್ಯವಾಗಿ ನ್ಯೂನವೇ. ಒಂದರಿಂದ ಎಣಿಸುತ್ತ ಹೋದರೆ ಮೊದಲ ಬೆಸ ಸಮೃದ್ಧ ಸಂಖ್ಯೆ ಸಿಗುವುದು 945ರಲ್ಲಿ. ನಮ್ಮ ಹಾರ ಬೆಸ. ಹಾಗಾಗಿ ನ್ಯೂನವೇ ಇರಬೇಕೆಂದು ಊಹಿಸಿ ಕೂಡಿದರೆ, ಭಾಜಕಗಳ ಮೊತ್ತ 13029870672 ಬರುತ್ತದೆ. ಸಂಖ್ಯೆಗಿಂತ 68 ಕೋಟಿಗೂ ಹೆಚ್ಚು ಮಿಗಿಲು. ಹಾರ ಸಮೃದ್ಧ!

ಇಲ್ಲಿಯೇ ನನಗೆ ತೀರ ಮೆಚ್ಚಾದ ಒಂದು ಕುಸುರಿ ಇದೆ. ಹಾರದಿಂದ 37ನ್ನು ಮಾತ್ರ ಬಿಚ್ಚಿ ತೆಗೆಯಿರಿ. ಉಳಿಯುವುದು 3, 7, 11, 13ರ ಗುಣಲಬ್ಧವಾದ 3003ರ ವರ್ಗ: 9018009. ಇಲ್ಲಿ 3003 ಗತಪ್ರತ್ಯಾಗತವೇ, ಅದರ ವರ್ಗ ಮಾತ್ರ ಅಲ್ಲ. ಈ ವರ್ಗದ ಭಾಜಕಗಳನ್ನು, ಅದನ್ನೂ ಸೇರಿಸಿ, ಕೂಡಿದರೆ 18035199. ಪರಿಪೂರ್ಣವಾಗಲು ಬೇಕಾದದ್ದು ಅದರ ಎರಡರಷ್ಟು, 18036018. ಬರೀ 819 ಕಡಿಮೆ! ಒಂದು ಕೋಟಿ ಎಂಬತ್ತು ಲಕ್ಷದಲ್ಲಿ ಎಂಟುನೂರ ಹತ್ತೊಂಬತ್ತರ ಕೊರತೆ. ಆ ಕೊರತೆ ಎಷ್ಟನೇ ಪಾಲು ಎಂದು ಭಾಗಿಸಿದರೆ ಶೇಷವಿಲ್ಲದೆ 22022 ಬರುತ್ತದೆ. ಆ 22022 ಕೂಡ ಎಡಬಲ ಒಂದೇ ಆಗಿ ಓದಿಸಿಕೊಳ್ಳುತ್ತದೆ. ಇಷ್ಟು ಹತ್ತಿರ ಬಂದರೂ ಅದು ಪರಿಪೂರ್ಣತೆಯನ್ನು ಮುಟ್ಟುವ ಹಾಗಿಲ್ಲ. ಬೆಸ ವರ್ಗಕ್ಕೆ ಇರುವ ಭಾಜಕಗಳೆಲ್ಲ ಬೆಸ, ಅವುಗಳ ಎಣಿಕೆಯೂ ಬೆಸ (ಇಲ್ಲಿ 81), ಆದ್ದರಿಂದ ಮೊತ್ತ ಯಾವಾಗಲೂ ಬೆಸ. ಬೇಕಾದದ್ದೋ ಎರಡರಷ್ಟು, ಅಂದರೆ ಸಮ. ಬೆಸ ಪರಿಪೂರ್ಣ ಸಂಖ್ಯೆಯೊಂದು ಇದೆಯೇ ಎಂಬ ಪ್ರಶ್ನೆಗೆ ಜಗತ್ತಿನ ಗಣಿತಜ್ಞರಿಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಇದ್ದರೂ ಅದು ವರ್ಗವಂತೂ ಅಲ್ಲ. ಬಿಚ್ಚಿಟ್ಟ 37ನ್ನು ಎರಡು ಸಲ ತಿರುಗಿ ಪೋಣಿಸಿದ್ದೇ ತಡ, 819ರ ನ್ಯೂನ ಹೋಗಿ ಕೋಟಿಗಟ್ಟಲೆ ಸಮೃದ್ಧಿ.

ಮಹಾವೀರನ ಇನ್ನೊಂದು ಮೋಹ ಆಯತಗಳದು. ಅಗಲ, ಉದ್ದ, ಕರ್ಣ ಮೂರೂ ಪೂರ್ಣಾಂಕವಾಗಿರುವ ಆಯತಗಳನ್ನು ‘ಬೀಜ’ಗಳಿಂದ ಹುಟ್ಟಿಸುವ ವಿಧಾನಕ್ಕೆ ಅವನು ಕ್ಷೇತ್ರಗಣಿತದಲ್ಲಿ ಧಾರಾಳವಾಗಿ ಜಾಗ ಕೊಟ್ಟಿದ್ದಾನೆ. 2 ಮತ್ತು 3 ಬೀಜಗಳಾದರೆ 5, 12, 13. ಕರ್ಣ 65 ಇರುವ ಆಯತಗಳು ನಾಲ್ಕು ಎಂದು ಅವನು ಕಂಡುಕೊಂಡಿದ್ದ: 16 ಮತ್ತು 63, 25 ಮತ್ತು 60, 33 ಮತ್ತು 56, 39 ಮತ್ತು 52. ಆ ಕಣ್ಣಿನಿಂದ ಅವನದೇ ಹಾರವನ್ನು ನೋಡಿದರೆ? ಕರ್ಣ 111111 ಇಟ್ಟುಕೊಳ್ಳಿ, ಕರ್ಣದ ವರ್ಗವೇ ನಮ್ಮ ಸಂಖ್ಯೆ. ಇಲ್ಲಿಯೂ ಆಯತಗಳು ನಾಲ್ಕೇ: 7161 ಮತ್ತು 110880, 36036 ಮತ್ತು 105105, 42735 ಮತ್ತು 102564, 73689 ಮತ್ತು 83160. ಎರಡೂ ಕಡೆ ನಾಲ್ಕೇ ಆಗಲು ಕಾರಣ ಒಂದೇ. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯಗಳು ಮಾತ್ರ ಇಂಥ ಆಯತ ಹುಟ್ಟಿಸಬಲ್ಲವು. ಅವು ಎರಡು ವರ್ಗಗಳ ಮೊತ್ತವಾಗುತ್ತವೆ ಎಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ಹೇಳಿದ. 65ರಲ್ಲಿ ಅಂಥವು 5 ಮತ್ತು 13. ಹಾರದಲ್ಲಿ 13 ಮತ್ತು 37. ಉಳಿದ 3, 7, 11 ಈ ಕೆಲಸಕ್ಕೆ ಬಾರವು, ಗಾತ್ರ ಹಿಗ್ಗಿಸುವುದಷ್ಟೇ ಅವುಗಳ ಪಾಲು.

ನಾಲ್ಕು ಆಯತಗಳಲ್ಲಿ 36036 ಮತ್ತು 105105ರ ಚೆಲುವು ನೋಡಿದೊಡನೆ ಗೊತ್ತಾಗುವಂಥದ್ದು, 36 ಮತ್ತು 105ನ್ನು ಎರಡೆರಡು ಸಲ ಉಚ್ಚರಿಸಿದ ಹಾಗೆ. ಮೂರನೆಯದರ 102564 ಸಭ್ಯವಾಗಿ ಸುಮ್ಮನೆ ಕೂತಿದೆ. ಅದನ್ನು ನಾಲ್ಕರಿಂದ ಗುಣಿಸಿ: 410256. ಬಾಲದ ನಾಲ್ಕು ಎದ್ದು ತಲೆಯ ಕಡೆ ಹೋಗಿ ಕೂತಿತು, ಉಳಿದವರು ಒಂದೊಂದು ಮನೆ ಸರಿದರು, ಅಷ್ಟೇ. ಕೊನೆಯ ಅಂಕಿಯನ್ನು ಮುಂದಿಟ್ಟರೆ ನಾಲ್ಕು ಪಟ್ಟಾಗುವ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಇದು. ಇಂಥದ್ದು ಈ ಹಾರದ ಆಯತದಲ್ಲಿ ಸಿಕ್ಕುತ್ತದೆಂದು ಎಣಿಸಿದವರು ಯಾರು!

ಗಣಿತಸಾರಸಂಗ್ರಹವನ್ನು 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಅದಕ್ಕೆ ಆಧಾರವಾದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯ ತಾಳೆಗರಿಗಳಿದ್ದವು. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ಹೊಂಬುಜದ ಜೈನ ಮಠ 2000ದಲ್ಲಿ ಹೊರತಂದಿದೆ. ಹೊಂಬುಜ ನಮಗೆ ದೂರವೂ ಅಲ್ಲ, ಘಟ್ಟದ ಮೇಲಿನದೇ ಊರು. ಪುಸ್ತಕ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೂ ಕೆಲಸ ನಿಲ್ಲುವುದಿಲ್ಲ. ಮಹಾವೀರನದೇ ಇನ್ನೆರಡು ಲೆಕ್ಕ ಕೊಡುತ್ತೇನೆ: 11011011ನ್ನು 91ರಿಂದ ಗುಣಿಸಿ, 333333666667ನ್ನು 33ರಿಂದ ಗುಣಿಸಿ. ಉತ್ತರವನ್ನು ಬೇಕೆಂದೇ ಇಲ್ಲಿ ಬರೆದಿಲ್ಲ. ಫೋನು ಬೇಡ, ಹಳೇ ನೋಟ್‌ಬುಕ್ಕಿನ ಹಿಂಬದಿ ಸಾಕು. ಮನೆಯಲ್ಲಿ ಏಳನೆಯದೋ ಎಂಟನೆಯದೋ ಓದುವ ಮಕ್ಕಳಿದ್ದರೆ ಮೊದಲು ಅವರ ಕೈಗೆ ಪೆನ್ಸಿಲ್ ಕೊಡಿ.